ಮೇಷ್ಟ್ರ ಪಾಲಿನ ಬ್ರೇಕು

ಕಾರು ಕಲಿಸುವ ಮೇಷ್ಟ್ರ ಪಕ್ಕ ಬಸ್ಸಿನಲ್ಲಿ ಕೂತವರಿಗೇ ಗೊತ್ತು ಆ ಫಜೀತಿ. ಬಸ್ಸು ಹೊರಟಿತೋ ಇಲ್ಲವೋ, ಅವರ ಕಾಲು ಕೆಲಸಕ್ಕಿಳಿಯುತ್ತದೆ. ಎದುರಿಗೆ ಸೈಕಲ್ಲಿನವನು ಕಂಡರೆ ನೆಲಕ್ಕೊಂದು ಒತ್ತು, ತಿರುವು ಬಂದರೆ ಇನ್ನೊಂದು ಒತ್ತು, ನಾಯಿಗೀಯಿ ಅಡ್ಡ ಬಂದರಂತೂ ಬಸ್ಸಿನ ತಗಡು ಗಡಗಡ ಎನ್ನುವ ಹಾಗೆ ಕುಕ್ಕು. ಮುಂದಿನ ಸೀಟಿನವರು ತಿರುಗಿ ಗುರಾಯಿಸಿದರೆ ಮೇಷ್ಟ್ರು ಅವರ ಮೇಲೇ ಹರಿಹಾಯುತ್ತಾರೆ. "ನನ್ನನ್ನೇನ್ರೀ ನೋಡ್ತೀರಿ? ರೋಡ್ ನೋಡೋಕೆ ಹೇಳಿ ಆ ಪುಣ್ಯಾತ್ಮಂಗೆ!"

ಅವರದೇನೂ ತಪ್ಪಿಲ್ಲ ಬಿಡಿ. ಹರೆಯದಿಂದ ಹಿಡಿದು ಕೂದಲು ಬೆಳ್ಳಗಾಗುವ ತನಕ ಪಕ್ಕದ ಸೀಟಿನಲ್ಲೇ ಬದುಕು ಕಳೆದ ಮನುಷ್ಯ. ಕಾರು ಕಲಿಸುವ ಗಾಡಿಗಳಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಕಲಿಯುವವನು ಎಡವಟ್ಟು ಮಾಡಿಕೊಂಡರೆ ಒತ್ತಲಿ ಎಂದು? ಆ ಬ್ರೇಕೇ ಮೇಷ್ಟ್ರ ಪಾಲಿನ ಆಸ್ತಿ. ಸ್ಟೇರಿಂಗು, ಗೇರು, ಕ್ಲಚ್ಚು, ಬೆವರು ಎಲ್ಲ ಶಿಷ್ಯರದ್ದು. ಬಾಯಿ ಮತ್ತು ಬ್ರೇಕು ಮಾತ್ರ ಮೇಷ್ಟ್ರದ್ದು. "ಏನಪ್ಪಾ, ಗೇರ್ ಹಾಕ್ತಿದ್ದೀಯೋ, ಬಾವಿಯಿಂದ ಕೊಡ ಎಳೀತಿದ್ದೀಯೋ?" "ಅಮ್ಮಾ ತಾಯಿ, ಕನ್ನಡಿ ಇರೋದು ಹಿಂದೆ ಬರೋರನ್ನ ನೋಡೋಕೆ, ಹುಬ್ಬು ನೋಡ್ಕೊಳ್ಳೋಕಲ್ಲ!" ಹೀಗೆ ಬಾಯಿ ಬೈಯುತ್ತಿರುವಾಗ ಕಾಲು ಕೆಳಗೆ ತನ್ನ ಪಾಡಿಗೆ ತಾನು ಕಾಯುತ್ತಿರುತ್ತಿತ್ತು. ಊರಿನ ದಂತವೈದ್ಯರು, ಬ್ಯಾಂಕಿನವರು, ಹೆಡ್‌ಮಾಸ್ತರರು, ಹಾಲಿನ ಡೇರಿಯ ಮಾಲೀಕರು ಎಲ್ಲರೂ ಆ ಬಾಯಿ ಮತ್ತು ಆ ಬ್ರೇಕಿನ ನೆರಳಲ್ಲೇ ಲೈಸೆನ್ಸು ಪಡೆದವರು. ಪರೀಕ್ಷೆಯ ದಿನವೂ ಅಷ್ಟೇ, ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ, ಮೇಷ್ಟ್ರು ಮುಂದೆ ತಮ್ಮ ಜಾಗದಲ್ಲಿ.

ಇನ್ನು ಆ ಗಾಡಿ. ಡಬ್ಬಿಗೆ ನಾಲ್ಕು ಚಕ್ರ ಜೋಡಿಸಿದ ಹಾಗಿದ್ದ ಬಿಳಿ ಕಾರು. ಅವಸರ ಎಂಬುದೇ ಅದಕ್ಕೆ ಗೊತ್ತಿರಲಿಲ್ಲವಾದ್ದರಿಂದ ಊರವರು ಬಿಳಿಯೆಮ್ಮೆ ಎಂದು ಹೆಸರಿಟ್ಟಿದ್ದರು. ಮೇಷ್ಟ್ರು ಮೊದಲು ಸಿಟ್ಟಾದರು, ಆಮೇಲೆ ತಾವೂ ಹಾಗೇ ಕರೆಯತೊಡಗಿದರು. ದಿನಾ ಬೆಳಿಗ್ಗೆ ತಮ್ಮ ಹಳೇ ಬನಿಯನ್ನಿನಿಂದ ಅದರ ಮೈ ಒರೆಸಿ, ಬಾಗಿಲಿನ ಸಂದಿಗೆ ಎಣ್ಣೆ ಬಿಟ್ಟು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒಂದು ಗೀರಿಲ್ಲ ನೋಡು" ಎಂದು ಹೆಂಡತಿಗೆ ಹೇಳದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ನಿಜವೇ. ದಿನವಿಡೀ ಕಲಿಯದವರ ಕೈಯಲ್ಲಿ ಓಡಾಡುವ ಗಾಡಿ, ಆದರೂ ಮೈಮೇಲೆ ಒಂದೇ ಒಂದು ಪೆಟ್ಟಿಲ್ಲ. ಅದೇ ಅವರ ಸರ್ಟಿಫಿಕೇಟು, ಅದೇ ಅವರ ಬಿರುದು. "ನನ್ನ ಹತ್ತಿರ ಕಲಿಯುವಾಗ ಯಾವನೂ ಯಾವನಿಗೂ ಗುದ್ದಿಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಕಲಿತು ಹೋದ ಮೇಲೆ ಅವರು ಎಲ್ಲೆಲ್ಲಿ ಗುದ್ದಿಕೊಂಡರೋ ಅದು ಅವರವರ ಹಣೆಬರಹ ಎಂಬುದು ಮೇಷ್ಟ್ರ ಅಭಿಪ್ರಾಯ.

ನೆಗ್ಗಿದ ಗಾಡಿಗಳನ್ನು ಬಡಿದು ನೆಟ್ಟಗೆ ಮಾಡುವ ಟಿಂಕರಿಂಗ್ ಅಂಗಡಿಯವನಿಗೆ ಮೇಷ್ಟ್ರನ್ನು ಕಂಡರೆ ಎಲ್ಲಿಲ್ಲದ ಭಕ್ತಿ. ದಾರಿಯಲ್ಲಿ ಕಂಡರೆ ಸುತ್ತಿಗೆ ಕೆಳಗಿಟ್ಟು ಓಡಿ ಬಂದು ಕೈ ಮುಗಿಯುತ್ತಿದ್ದ. "ನೀವು ನೂರು ಕಾಲ ಕಲಿಸ್ತಾ ಇರಬೇಕು ಮೇಷ್ಟ್ರೇ. ನಿಮ್ಮ ದಯದಿಂದಲೇ ನಮ್ಮ ಮನೆ ಒಲೆ ಉರೀತಿರೋದು." ಈ ಟಿಂಕರನ ಒಲೆಗೂ ತಮಗೂ ಏನು ಸಂಬಂಧ ಎಂದು ಮೇಷ್ಟ್ರು ಯೋಚಿಸಲಿಲ್ಲ. ಹೊಗಳಿಕೆಯನ್ನು ಬಿಚ್ಚಿ ನೋಡುವ ಅಭ್ಯಾಸ ಯಾರಿಗಿರುತ್ತದೆ ಹೇಳಿ?

ಇಡೀ ಊರಿಗೆ ಕಲಿಸಿದ ಮೇಷ್ಟ್ರಿಗೆ ಕಲಿಸಲಾಗದೆ ಉಳಿದವರು ಒಬ್ಬರೇ, ಅವರ ಹೆಂಡತಿ. ಮದುವೆಯಾದ ಹೊಸದರಲ್ಲಿ ಆಕೆ ಆಸೆಪಟ್ಟು ಸ್ಟೇರಿಂಗ್ ಹಿಡಿದಿದ್ದರು. ಒಂದು ವಾರವೂ ಆಗಿರಲಿಲ್ಲ, ಒಂದು ಸಂಜೆ ದಾರಿ ಮಧ್ಯದಲ್ಲೇ ಇಳಿದು, ಬಾಗಿಲು ಹಾಕಿ, ನಡೆದುಕೊಂಡೇ ಮನೆಗೆ ಬಂದುಬಿಟ್ಟರು. ಮತ್ತೆ ಹತ್ತಲಿಲ್ಲ. ಆ ಕತೆಯನ್ನು ಮೇಷ್ಟ್ರು ಮನೆಗೆ ಬಂದವರಿಗೆಲ್ಲ ನಗುತ್ತ ಹೇಳುತ್ತಿದ್ದರು. "ಕಲ್ಲಿಗೂ ಕಲಿಸಿಯೇನು, ನಮ್ಮನೆಯವಳಿಗೆ ಮಾತ್ರ ಆಗಲ್ಲಪ್ಪ. ತಲೆಗೆ ಹತ್ತೋದೇ ಇಲ್ಲ." ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು. ಬಂದವರು ಅರ್ಥ ಮಾಡಿಕೊಂಡು ಬೇಗ ಕಾಫಿ ಕುಡಿದು ಏಳುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಅದು ಪಾತ್ರೆಯ ಸದ್ದು, ಅಷ್ಟೇ.

ಕೊನೆಗೆ ಸೋತದ್ದು ಮಂಡಿ. ಬ್ರೇಕು ಒತ್ತಿ ಒತ್ತಿ ಆ ಕಾಲಿನ ಮಂಡಿ ಸವೆದು ಹೋಗಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮೇಷ್ಟ್ರನ್ನೂ ಅವರ ಮಂಡಿಯನ್ನೂ ಒಂದು ಸಲ ನೋಡಿ, "ಇನ್ನು ಬೇಡ" ಎಂದರು. ಹಳೇ ಕಾರಿನ ದಲ್ಲಾಳಿ ಬಂದು ಬಿಳಿಯೆಮ್ಮೆಯನ್ನು ಕೊಂಡುಹೋದ. ಮೇಷ್ಟ್ರು ಅವನ ಹಿಂದೆ ಗೇಟಿನ ತನಕ ಹೋಗಿ, "ಹೊರಡೋವಾಗ ಮೊದಲು ಎರಡು ಸಲ ಕೆಮ್ಮುತ್ತೆ, ಗಾಬರಿ ಆಗ್ಬೇಡಿ. ಎರಡನೇ ಗೇರಿಗೆ ಬಲವಂತ ಮಾಡ್ಬೇಡಿ, ಅದಾಗಿ ಅದು ಬೀಳುತ್ತೆ. ಹಾರನ್ ಜಾಸ್ತಿ ಹೊಡೀಬೇಡಿ, ಅದಕ್ಕೆ ಆಗಿಬರಲ್ಲ" ಎಂದು ಹೇಳುತ್ತಲೇ ಇದ್ದರು. ದಲ್ಲಾಳಿ ಆಯ್ತು ಆಯ್ತು ಎಂದು ಗಾಜು ಏರಿಸಿಕೊಂಡ. ಆ ರಾತ್ರಿ ಮೇಷ್ಟ್ರು ಊಟ ಮಾಡಲಿಲ್ಲ. ಅಳು ಬಂದಿತ್ತು, ಅತ್ತರು ಕೂಡ, ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು.

ಅಲ್ಲಿಂದ ಮುಂದೆ ಮನೆಯಲ್ಲಿ ಮೇಷ್ಟ್ರಿಗೆ ಕೆಲಸವಿಲ್ಲ, ಹೆಂಡತಿಗೆ ಬಿಡುವಿಲ್ಲ. ಗಂಡಸು ಮನೆಯಲ್ಲಿ ಕೂತರೆ ಹೆಂಗಸಿಗೆ ಎಷ್ಟು ಕೆಲಸ ಹೆಚ್ಚುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಆಕೆ ಹಾಲು ಉಕ್ಕುವ ಮೊದಲೇ ಹಿಂದಿನಿಂದ "ಸಣ್ಣ ಮಾಡು, ಸಣ್ಣ ಮಾಡು!" ಎಂಬ ಕೂಗು. ಬಕೆಟ್ಟು ತುಂಬುವ ಮೊದಲೇ ನಲ್ಲಿ ನಿಲ್ಲಿಸಲು ಓಟ. ಆಕೆ ಪಾಪ, ಮಧ್ಯಾಹ್ನ ಊಟವಾದ ಮೇಲೆ "ಪಾರ್ಲರಿಗೆ ಹೋಗಿ ಬರ್ತೀನಿ" ಎಂದು ಹೊರಡುವುದನ್ನು ರೂಢಿ ಮಾಡಿಕೊಂಡರು. ವಾರಕ್ಕೆ ಮೂರು ನಾಲ್ಕು ಸಲ.

"ಈ ವಯಸ್ಸಲ್ಲಿ ಅದೇನು ಸಿಂಗಾರಾನೋ!" ಎಂದರು ಮೇಷ್ಟ್ರು. "ಹೋಗೋದು ಅಷ್ಟು ಸಲ, ಬರುವಾಗ ಹೋದ ಹಾಗೇ ಇರ್ತೀಯಲ್ಲೇ?"

"ನಿಮ್ಮ ಕಣ್ಣಿಗೆ ಕಂಡ್ರೆ ತಾನೇ" ಎಂದು ಆಕೆ ಚಪ್ಪಲಿ ಮೆಟ್ಟಿದರು.

ಒಂದು ದಿನ ಮೇಷ್ಟ್ರು ಬ್ರೆಡ್ಡು ತರಲು ಬೇಕರಿಗೆ ಹೋಗಿ, ರಸ್ತೆ ದಾಟಲು ಸಿಗ್ನಲ್ಲಿನ ಹತ್ತಿರ ನಿಂತಿದ್ದರು. ಒಂದು ಕಾರು ಬಂದು ನಿಂತಿತು. ಅದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಉಗುರಿಗೆ ಹಚ್ಚುವ ಬಣ್ಣದ ಥರದ ಮಿರಮಿರ ನೇರಳೆ ಬಣ್ಣ. ಎರಡೂ ಹೆಡ್‌ಲೈಟಿನ ಮೇಲೆ, ದೇವರಾಣೆಗೂ ಸುಳ್ಳಲ್ಲ, ಉದ್ದುದ್ದ ಕಪ್ಪು ರೆಪ್ಪೆ! ಒಳಗೆ ಸೀಟಿಗೆಲ್ಲ ಗುಲಾಬಿ ತುಪ್ಪಳ. ಬಾಗಿಲ ಮೇಲೆ ಕತ್ತರಿ, ಬಾಚಣಿಗೆ, ಒಂದು ಜೊತೆ ಕೆಂಪು ತುಟಿ. ಪಕ್ಕದಲ್ಲಿ ನಿಂತಿದ್ದವನಿಗೆ ಮೇಷ್ಟ್ರು ಮೊಣಕೈಯಲ್ಲಿ ತಿವಿದು, "ಯಾರ್ರೀ ಇದು, ಕಾರಿಗೆ ಮದುವೆ ಮಾಡೋಕೆ ಹೊರಟಿರೋರು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಗ್ನಲ್ ಹಸಿರಾಯಿತು. ಕಾರು ಎರಡು ಸಲ ಕೆಮ್ಮಿ, ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೊರಟಿತು.

ಮೇಷ್ಟ್ರ ನಗು ಗಂಟಲಲ್ಲೇ ನಿಂತಿತು. ಆ ಕೆಮ್ಮು ಅವರಿಗೆ ಗೊತ್ತು. ತಾಯಿಗೆ ಮಗುವಿನ ಕೆಮ್ಮು ಗೊತ್ತಾಗದಿರುತ್ತದೆಯೇ? "ಅಯ್ಯಯ್ಯೋ, ನಮ್ಮೆಮ್ಮೆ!" ಎಂದು ಕೂಗಿ, ಬ್ರೆಡ್ಡು ಕಂಕುಳಿಗೆ ಸಿಕ್ಕಿಸಿಕೊಂಡು, ಮಂಡಿನೋವನ್ನೂ ಮರೆತು ಕಾರಿನ ಹಿಂದೆ ಕುಂಟುತ್ತ ಓಡಿದರು. ಮನುಷ್ಯ ಓಡಿ ಹಿಡಿಯುವಷ್ಟೇ ಅದರ ವೇಗ ಎಂಬುದು ಅವರ ಅದೃಷ್ಟ. ಎರಡು ಬೀದಿ ಆಚೆ ಒಂದು ಬ್ಯೂಟಿ ಪಾರ್ಲರಿನ ಮುಂದೆ ಕಾರು ನಿಂತಿತು. ಒಳಗಿನಿಂದ ಇಳಿದವಳು ಪಾರ್ಲರಿನ ಒಡತಿ. ಊರೆಲ್ಲ ಅವಳನ್ನು ಪಾರ್ಲರಮ್ಮ ಎನ್ನುತ್ತದೆ. ಮೇಷ್ಟ್ರ ಹಳೇ ಶಿಷ್ಯೆ. ಕನ್ನಡಿಯಲ್ಲಿ ಹುಬ್ಬು ನೋಡಿಕೊಳ್ಳಬೇಡ ಎಂದು ಬೈಸಿಕೊಂಡವಳು ಇವಳೇ.

"ಮೇಷ್ಟ್ರೇ!" ಎಂದು ಅವಳ ಮುಖ ಇಷ್ಟಗಲವಾಯಿತು. "ನಾನೇ ಬಂದು ತೋರಿಸ್ಬೇಕು ಅಂತಿದ್ದೆ. ದಲ್ಲಾಳಿ ಹತ್ರ ಇದನ್ನ ನೋಡಿದ ತಕ್ಷಣ ಬೇರೆ ಗಾಡಿನೇ ಬೇಡ ಅಂದ್ಬಿಟ್ಟೆ. ಹೇಗಿದೆ? ಮುಖ ಕಳೆಕಳೆಯಾಗಿದೆ ಅಲ್ವಾ?"

"ಕಳೆನಾ?" ಮೇಷ್ಟ್ರಿಗೆ ಏದುಸಿರು. "ಎಮ್ಮೆಗೆ ಯಾರಾದ್ರೂ ಕಾಡಿಗೆ ಹಚ್ತಾರೇನಮ್ಮಾ? ಇದು ರೆಪ್ಪೆನಾ? ಕಾರಿಗೆ ರೆಪ್ಪೆನಾ? ಇದೇನು ಕಣ್ಣು ಹೊಡೆಯುತ್ತಾ ಸಿಗ್ನಲ್ಲಲ್ಲಿ?"

"ವಯಸ್ಸಾಯ್ತು ಅಂತ ಅಲಂಕಾರ ಮಾಡ್ಕೋಬಾರ್ದಾ ಮೇಷ್ಟ್ರೇ? ಹಾಗಂದ್ರೆ ನಾನು ಅಂಗಡಿ ಮುಚ್ಬೇಕಾಗುತ್ತೆ" ಎಂದು ಅವಳು ನಕ್ಕು, ಬಾಗಿಲು ತೆಗೆದು ಒಂದೊಂದಾಗಿ ತೋರಿಸತೊಡಗಿದಳು. ಹಾರನ್ ಒತ್ತಿದಳು, ಅದು ಹಾಡಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಗಿರಾಕಿಗಳ ಮನೆಗೇ ಹೋಗಿ ಮದುಮಗಳನ್ನು ಸಿಂಗರಿಸಲು ಅನುಕೂಲ ಎಂದು ಹಿಂದಿನ ಸೀಟಿನ ಎದುರು ಸುತ್ತ ದೀಪವಿರುವ ಕನ್ನಡಿ ಹಾಕಿಸಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ಅಭ್ಯಾಸಬಲದಿಂದ ಪಕ್ಕದ ಸೀಟಿನ ಕಡೆ ಬಗ್ಗಿ ಕೆಳಗೆ ನೋಡಿದರು. ಅಲ್ಲಿ ಕ್ರೀಮು ಡಬ್ಬಿಗಳ ಒಂದು ಪೆಟ್ಟಿಗೆ ಇತ್ತು. ಪೆಟ್ಟಿಗೆ ಸರಿಸಿದರು. ಕೆಳಗೆ ಬರೀ ಹಾಸು.

"ನನ್ನ ಬ್ರೇಕ್ ಎಲ್ಲಮ್ಮಾ?"

"ತೆಗೆಸ್ಬಿಟ್ಟೆ ಮೇಷ್ಟ್ರೇ."

ಬಣ್ಣ ಹೋಗಲಿ, ರೆಪ್ಪೆ ಹಾಳಾಗಿ ಹೋಗಲಿ, ಇದನ್ನು ಮಾತ್ರ ಮೇಷ್ಟ್ರು ಸಹಿಸದಾದರು. ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ ಗಂಟಲು ಹರಿದುಕೊಂಡರು. ಏನೆಂದು ತಿಳಿದಿದ್ದೀ ಅದನ್ನ, ಆ ಬ್ರೇಕು ಎಷ್ಟು ಜನರ ಪ್ರಾಣ ಉಳಿಸಿದೆ ಗೊತ್ತಾ, ನಿನ್ನ ಪ್ರಾಣವೂ ಸೇರಿ! ಪಾರ್ಲರಮ್ಮ ತಾಳ್ಮೆಯವಳು. ದಿನಾ ಕೂದಲು ಉದುರುವವರ ಗೋಳು ಕೇಳುವ ಕೆಲಸ ಅವಳದ್ದು. ಮೇಷ್ಟ್ರು ಉಸಿರು ತೆಗೆದುಕೊಳ್ಳುವ ತನಕ ಕಾದು, ಅಂಗಡಿಯ ಕುರ್ಚಿಯೊಂದನ್ನು ಹೊರಗೆ ತಂದು ಕೂರಿಸಿ, ನಿಧಾನಕ್ಕೆ ಹೇಳಿದಳು.

"ಬೇಜಾರು ಮಾಡ್ಕೋಬೇಡಿ. ಗಾಡಿ ತಂದ ಮೊದಲ ದಿನ ನಮ್ಮನೆ ಗೇಟಿಗೆ ಗುದ್ದಿದೆ. ಆಮೇಲೆ ಗಿರಾಕಿ ಮನೆ ಹೂಕುಂಡ. ಆಮೇಲೆ ನನ್ನ ಅಂಗಡಿಗೇ ಗುದ್ದಿದೆ. ಒಳಗೆ ಒಬ್ಬರು ಮುಖಕ್ಕೆಲ್ಲ ಬಳ್ಕೊಂಡು ಕೂತಿದ್ರು, ಹಾಗೇ ಎದ್ದು ಬೀದಿಗೆ ಓಡಿದ್ರು. ಮಕ್ಕಳೆಲ್ಲ ಹೆದರ್ಕೊಂಡು ಅತ್ವು. ನಂಗೆ ಅರ್ಥಾನೇ ಆಗ್ಲಿಲ್ಲ. ನಿಮ್ಮ ಜೊತೆ ಎಷ್ಟು ಚೆನ್ನಾಗಿ ನಿಲ್ಲಿಸ್ತಿದ್ದೆ ಅಲ್ವಾ?"

"ನಿಲ್ಲಿಸ್ತಿದ್ದೆ. ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ನಿಲ್ಲಿಸ್ತಿದ್ದೆ."

"ಟಿಂಕರ್ ಅಣ್ಣನ ಹತ್ರ ತಗೊಂಡು ಹೋದೆ. ಅವರು ನೋಡಿದ ತಕ್ಷಣ, ಮೇಷ್ಟ್ರ ಹತ್ರ ಕಲಿತಿದ್ದಾ ಅಂತ ಕೇಳಿದ್ರು. ಹೇಗೆ ಗೊತ್ತಾಯ್ತಣ್ಣಾ ಅಂದೆ. ಗಾಡಿ ಮೂತಿ ನೋಡಿದ್ರೆ ಗೊತ್ತಾಗುತ್ತೆ, ನೀನು ನಿಲ್ಲಿಸ್ತಿರಲಿಲ್ಲ ಕಣಮ್ಮ, ಮೇಷ್ಟ್ರು ನಿಲ್ಲಿಸ್ತಿದ್ರು, ಅಂದ್ರು." ಅವಳು ಸ್ವಲ್ಪ ತಡೆದು ಮುಂದುವರಿಸಿದಳು. "ನಿಜ ಮೇಷ್ಟ್ರೇ. ಪಕ್ಕದಲ್ಲಿ ಯಾರೇ ಕೂತ್ರೂ ನನ್ನ ಕಾಲು ಸುಮ್ಮನಿರೋದು, ಅವರು ಒತ್ತುತ್ತಾರೆ ಅಂತ. ಆ ಬ್ರೇಕ್ ಕಣ್ಣಿಗೆ ಬೀಳ್ತಿರೋ ತನಕ ನಂಗೆ ಕಲಿಯೋಕಾಗಲ್ಲ ಅನ್ನಿಸ್ತು. ತೆಗೆಸಿದ ಮೇಲೆ ಒಂದು ಗೀರಿಲ್ಲ."

ಮೇಷ್ಟ್ರು ಎದ್ದರು. ಬ್ರೆಡ್ಡನ್ನು ಅಲ್ಲೇ ಮರೆತು ಸೀದಾ ಟಿಂಕರಿಂಗ್ ಅಂಗಡಿಗೆ ಹೋದರು. ಟಿಂಕರ್ ಎಂದಿನಂತೆ ಸುತ್ತಿಗೆ ಕೆಳಗಿಟ್ಟು ಕೈ ಮುಗಿದ. "ಪಾರ್ಲರಮ್ಮ ಹೇಳಿದ್ದು ಸುಳ್ಳು ತಾನೇ?" ಎಂದು ಕೇಳಿದರು ಮೇಷ್ಟ್ರು. ಟಿಂಕರ್ ತಲೆ ಕೆರೆದ. ಆಕಾಶ ನೋಡಿದ. ನೆಲ ನೋಡಿದ. ಆಮೇಲೆ, "ಟೀ ತರಿಸ್ಲಾ ಮೇಷ್ಟ್ರೇ?" ಎಂದ. ಅಂಗಳದ ತುಂಬ ಗಾಡಿಗಳು ನಿಂತಿದ್ದವು. ದಂತವೈದ್ಯರದು, ಬ್ಯಾಂಕಿನವರದು, ಹೆಡ್‌ಮಾಸ್ತರರದು. ಒಂದೊಂದೂ ಮುಂದಿನ ಮೂತಿ ಜಜ್ಜಿಕೊಂಡು ಸಾಲಾಗಿ ನಿಂತು ಮೇಷ್ಟ್ರನ್ನೇ ನೋಡುತ್ತಿದ್ದವು. ಮೇಷ್ಟ್ರು ಟೀ ಕುಡಿಯಲಿಲ್ಲ.

ಆವತ್ತು ಮನೆಯಲ್ಲಿ ಅವರು ಹಾಲಿನ ಬಗ್ಗೆಯೂ ಕೂಗಲಿಲ್ಲ, ನಲ್ಲಿಯ ಬಗ್ಗೆಯೂ ಕೂಗಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಹೆಂಡತಿಗೇ ಗಾಬರಿಯಾಗಿ ಬಂದು ಹಣೆ ಮುಟ್ಟಿ ನೋಡಿದರು. ಆಗ ಮೇಷ್ಟ್ರು ಎಲ್ಲ ಹೇಳಿಕೊಂಡರು. ಬಣ್ಣ, ರೆಪ್ಪೆ, ತುಪ್ಪಳ, ಬ್ರೇಕು, ಜಜ್ಜಿದ ಮೂತಿಗಳು. ಹೇಳುತ್ತ ಹೇಳುತ್ತ ಧ್ವನಿ ಸಣ್ಣಗಾಯಿತು.

"ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೇನೇ? ಒಬ್ಬರಿಗಾದ್ರೂ ಗಾಡಿ ನಿಲ್ಲಿಸೋದು ಕಲಿಸಿದ್ದೀನಾ? ಮೇಷ್ಟ್ರೇ ಮೇಷ್ಟ್ರೇ ಅಂತ ಕರೀತಾರಲ್ಲ, ನಾನು ಮೇಷ್ಟ್ರೋ, ಅಲ್ಲ ಆ ಗಾಡಿದೊಂದು ಬಿಡಿ ಭಾಗಾನೋ?"

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡು, "ಎದ್ದು ಊಟ ಮಾಡಿ ಮೊದಲು" ಎಂದರು.

ಮರುದಿನ ಮಧ್ಯಾಹ್ನ ಆಕೆ ಯಥಾಪ್ರಕಾರ ಪಾರ್ಲರಿಗೆಂದು ಹೋದರು. ಮೇಷ್ಟ್ರಿಗೆ ಒಬ್ಬರೇ ಕೂತು ಕೂತು ತಲೆ ಕೆಟ್ಟಿತು. ಹಾಳಾದ್ದು, ಆ ಬ್ರೇಕನ್ನಾದರೂ ಕೇಳಿ ತಂದುಬಿಡೋಣ, ಬಿಚ್ಚಿಟ್ಟ ಕಬ್ಬಿಣ ಅವಳಿಗೆ ಯಾವ ಕೆಲಸಕ್ಕೆ ಎಂದು ಅಂಗಿ ಹಾಕಿಕೊಂಡು ಹೊರಟರು. ಪಾರ್ಲರಿನ ಬೀದಿಗೆ ತಿರುಗಿ ಅರ್ಧ ರಸ್ತೆ ದಾಟಿದ್ದರೋ ಇಲ್ಲವೋ, ಎದುರಿನ ಮೂಲೆಯಿಂದ ನೇರಳೆ ಕಾರು ಬಂತು. ಪಕ್ಕದ ಸೀಟಿನಲ್ಲಿ ಪಾರ್ಲರಮ್ಮ ತನ್ನ ಪಾಡಿಗೆ ಉಗುರು ಉಜ್ಜಿಕೊಳ್ಳುತ್ತಿದ್ದಳು. ಹಾಗಾದರೆ ಓಡಿಸುತ್ತಿರುವವರು ಯಾರು? ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಬೆನ್ನು ನೆಟ್ಟಗೆ ಮಾಡಿಕೊಂಡು, ತುಟಿ ಬಿಗಿ ಹಿಡಿದು, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಬರುತ್ತಿದ್ದವರು ಅವರ ಮನೆಯವರು.

ಬೇರೆಯವರಾಗಿದ್ದರೆ ಪಕ್ಕಕ್ಕೆ ಸರಿಯುತ್ತಿದ್ದರು. ಮೇಷ್ಟ್ರು ಏನು ಮಾಡಿದರು ಹೇಳಿ? ನಡುರಸ್ತೆಯಲ್ಲೇ ನಿಂತು, ನೋವಿನ ಕಾಲನ್ನೇ ಎತ್ತಿ ಟಾರು ರಸ್ತೆಯನ್ನು ಶಕ್ತಿಯಿದ್ದಷ್ಟೂ ಒತ್ತಿದರು. ಒತ್ತಿಯೇ ಒತ್ತಿದರು. ಕಣ್ಣು ಮುಚ್ಚಿಕೊಂಡರು. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಕಾರು ಒಂದು ಮಾರು ದೂರದಲ್ಲಿ ತಣ್ಣಗೆ ನಿಂತಿತ್ತು, ರೆಪ್ಪೆ ಅಲುಗುತ್ತಿತ್ತು.

"ರೀ, ದಾರಿ ಬಿಡಿ" ಎಂದರು ಹೆಂಡತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಹಿಂದೆ ಗಾಡಿಗಳು ಬರ್ತಾವೆ."

"ನೀನಾ?" ಎಂದರು ಮೇಷ್ಟ್ರು.

"ಆಂಟಿ ಹೋದ ವಾರ ಪಾಸಾದ್ರು ಮೇಷ್ಟ್ರೇ, ಮೊದಲನೇ ಸಲಕ್ಕೇ!" ಎಂದು ಪಾರ್ಲರಮ್ಮ ಹಿಗ್ಗಿನಿಂದ ಇಳಿದಳು. "ನಿಮಗೆ ಹೇಳಿ ಅಂದ್ರೆ ಕೇಳಲ್ಲ. ಕೂತ್ಕೊಳ್ಳಿ ನೀವು, ಒಳಗೆ ಗಿರಾಕಿ ತಲೆಗೆ ಬಣ್ಣ ಹಚ್ಚಿಸ್ಕೊಂಡು ಕಾಯ್ತಿದ್ದಾರೆ" ಎಂದು ಮೇಷ್ಟ್ರನ್ನು ಪಕ್ಕದ ಸೀಟಿಗೆ ತಳ್ಳಿದಳು. ಮೇಷ್ಟ್ರು ಗುಲಾಬಿ ತುಪ್ಪಳದಲ್ಲಿ ಹೂತುಹೋದರು. ಕಾರು ಕೆಮ್ಮಿತು, ಹೊರಟಿತು.

ಮೇಷ್ಟ್ರ ಕಾಲು ಕ್ರೀಮಿನ ಪೆಟ್ಟಿಗೆಯ ಮೇಲೆ ಟಕಟಕ ಎನ್ನುತ್ತಿತ್ತು.

"ಡಬ್ಬಿ ಒಡೆದ್ರೆ ನೀವೇ ದುಡ್ಡು ಕೊಡ್ಬೇಕು" ಎಂದರು ಹೆಂಡತಿ. "ಕಾಲು ಮಡಚಿ ಇಟ್ಕೊಳ್ಳಿ."

ಮೇಷ್ಟ್ರು ಮಡಚಿದರು. "ಆವತ್ತು ನೀನು ಅರ್ಧ ದಾರೀಲಿ ಇಳಿದು ಹೋದೆಯಲ್ಲ..."

"ನೀವು ಬೈದಿದ್ದಕ್ಕೆ ಅಂದ್ಕೊಂಡಿದ್ದೀರಿ ಇಷ್ಟು ವರ್ಷ. ಬೈದ್ರೆ ಏನಂತೆ, ನಂಗೇನು ಬಾಯಿ ಇರ್ಲಿಲ್ವಾ?" ಆಕೆ ಕನ್ನಡಿ ನೋಡಿ ಒಬ್ಬ ಸೈಕಲ್ಲಿನವನನ್ನು ಮುಂದೆ ಬಿಟ್ಟರು. "ನಾನು ಕಾಲಿಡೋ ಅಷ್ಟರಲ್ಲಿ ಗಾಡಿ ಆಗ್ಲೇ ನಿಂತಿರೋದು. ದಿನಾ. ಒಂದು ಸಲ, ಒಂದೇ ಒಂದು ಸಲ ನಾನೇ ನಿಲ್ಲಿಸ್ಬೇಕು ಅಂತ ನಂಗೆ ಆಸೆ. ನೀವು ಬಿಡಲೇ ಇಲ್ಲ. ನನ್ನ ಮೇಲೆ ನಂಬಿಕೆ ಇಲ್ದೇ ಇರೋರ ಪಕ್ಕ ಯಾಕೆ ಕೂರ್ಲಿ ಅಂತ ಇಳಿದೆ. ಆಮೇಲೆ ಅದನ್ನೇ ನೀವು ಬಂದೋರಿಗೆಲ್ಲ ಹೇಳ್ಕೊಂಡು ನಕ್ಕಿರಿ."

ಮೇಷ್ಟ್ರಿಗೆ ಮುಖ ಎಲ್ಲಿಟ್ಟುಕೊಳ್ಳುವುದು ತಿಳಿಯಲಿಲ್ಲ. ಅಷ್ಟರಲ್ಲಿ ಶಾಲೆಯ ತಿರುವು ಬಂತು. ಚೆಂಡೊಂದು ರಸ್ತೆಗೆ ಉರುಳಿತು. ಮೇಷ್ಟ್ರು ಅದನ್ನು ಕಂಡಿರಲಿಲ್ಲ, ಅವರು ಹೆಂಡತಿಯ ಮುಖ ನೋಡುತ್ತಿದ್ದರು. ಕಾರು ಮೆಲ್ಲಗೆ ತಲೆ ತಗ್ಗಿಸಿ ನಿಂತಿತು. ಚೆಂಡಿನ ಹಿಂದೆ ಒಂದು ಮಗು ಓಡಿ ಬಂತು, ಎತ್ತಿಕೊಂಡಿತು, ರೆಪ್ಪೆ ನೋಡಿ ಕಿಸಕ್ಕನೆ ನಕ್ಕು ಓಡಿತು. ತಾವು ಒತ್ತದೆ ಈ ಗಾಡಿ ನಿಂತದ್ದನ್ನು ಮೇಷ್ಟ್ರು ಒಳಗೆ ಕೂತು ನೋಡಿದ್ದು ಅದೇ ಮೊದಲು.

ಬೀದಿ ಸುತ್ತಿ ಮತ್ತೆ ಪಾರ್ಲರಿನ ಮುಂದೆ ಬಂದು ನಿಂತ ಮೇಲೂ ಹೆಂಡತಿ ಎಂಜಿನ್ ಆರಿಸಲಿಲ್ಲ.

"ಇಳೀರಿ."

"ನೀನು?"

"ನಾನು ಒಬ್ಬಳೇ ಒಂದು ಸುತ್ತು ಹೋಗಿ ಬರ್ತೀನಿ. ಲೈಸೆನ್ಸ್ ಬಂದ ಮೇಲೂ ಒಬ್ಬಳೇ ಹೋಗಿಲ್ಲ. ಅವಳು ದಿನಾ ಹೋಗಿ ಆಂಟಿ, ಹೋಗಿ ಆಂಟಿ ಅಂತಾಳೆ. ನಂಗೇ ಮನಸ್ಸು ಬರ್ಲಿಲ್ಲ." ಆಕೆ ಮುಂದೆ ನೋಡುತ್ತಲೇ ಹೇಳಿದರು. "ನೀವು ಹೋಗಿ ಬಾ ಅನ್ನಬೇಕು ಅಂತ ಇತ್ತು."

ಮೇಷ್ಟ್ರ ಕೈ ಬಾಗಿಲ ಹಿಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಹೇಳಬೇಕಾದ್ದು ನಾಲಿಗೆ ತುದಿಗೆ ಗುಂಪುಗುಂಪಾಗಿ ಬಂತು. ಬೇಕರಿ ತಿರುವಿನಲ್ಲಿ ಲಾರಿ ನಿಲ್ಲಿಸಿರುತ್ತಾರೆ, ಹುಷಾರು. ಎರಡನೇ ಗೇರಿಗೆ ಬಲವಂತ ಮಾಡಬೇಡ. ಸಿಗ್ನಲ್ಲಿನಲ್ಲಿ ಆಟೋದವರನ್ನು ನಂಬಬೇಡ. ಒಂದು ಗಾಡಿಯಷ್ಟು ಜಾಗ ಬಿಟ್ಟು... ಎಲ್ಲವನ್ನೂ ಗುಟುಕು ನುಂಗಿದ ಹಾಗೆ ನುಂಗಿದರು. ಹಾಗೆ ನುಂಗುವುದು ಅವರಿಗೆ ಎಷ್ಟು ಕಷ್ಟವಾಯಿತೆಂದರೆ ಹಣೆಯ ಮೇಲೆ ಬೆವರು ಮೂಡಿತು. ಬಾಗಿಲು ತೆಗೆದು, ತುಪ್ಪಳದಿಂದ ತಮ್ಮನ್ನು ಬಿಡಿಸಿಕೊಂಡು, ಮಂಡಿ ಹಿಡಿದು ಇಳಿದರು. ಬಾಗಿಲು ಹಾಕಿದರು.

"ಹೋಗಿ ಬಾ" ಎಂದರು.

ಕಾರು ಹೊರಟಿತು. ಮೇಷ್ಟ್ರು ರಸ್ತೆಯ ಅಂಚಿನಲ್ಲಿ ನಿಂತು ನೋಡಿದರು. ಬೀದಿಯ ಕೊನೆಯಲ್ಲಿ ಅಡ್ಡರಸ್ತೆ ಬರುವುದಕ್ಕೆ ಸಾಕಷ್ಟು ಮೊದಲೇ ಹಿಂಬದಿಯ ದೀಪಗಳು ಕೆಂಪಗೆ ಹೊತ್ತಿಕೊಂಡವು. ಪಾರ್ಲರಮ್ಮ ಅವನ್ನೂ ಬದಲಾಯಿಸಿ ಹೃದಯದ ಆಕಾರದವು ಹಾಕಿಸಿದ್ದಳು. ಎಷ್ಟೋ ವರ್ಷ ಒಳಗೆ ಕೂತು ಆ ದೀಪ ಹೊತ್ತಿಸಿದ ಮೇಷ್ಟ್ರು, ಅದು ಹೊತ್ತುವುದನ್ನು ಹಿಂದೆ ನಿಂತು ಒಂದು ದಿನವೂ ನೋಡಿರಲಿಲ್ಲ. ಕಾರು ತಿರುವಿನಲ್ಲಿ ನಿಂತು, ಆಚೀಚೆ ನೋಡಿ, ತಿರುಗಿ ಕಣ್ಮರೆಯಾಯಿತು.

ಪಾರ್ಲರಿನ ಬಾಗಿಲಲ್ಲಿ ತಲೆ ತುಂಬ ಬಣ್ಣ ಬಳಿದುಕೊಂಡ ಗಿರಾಕಿಯೊಬ್ಬರು ಇಣುಕುತ್ತಿದ್ದರು. "ಎಷ್ಟು ನಯವಾಗಿ ನಿಲ್ಲಿಸ್ತಾರಲ್ಲ ನಿಮ್ಮ ಮನೆಯವರು! ನೀವೇ ಕಲಿಸಿದ್ದಾ ಮೇಷ್ಟ್ರೇ?"

"ಇಲ್ಲಮ್ಮ" ಎಂದರು ಮೇಷ್ಟ್ರು. ಕಣ್ಣು ಒರೆಸಿಕೊಂಡರು, ಆದರೂ ಮುಖದಲ್ಲಿ ಹೆಮ್ಮೆ ಹಿಡಿಸುತ್ತಿರಲಿಲ್ಲ. "ಇಡೀ ಊರಿಗೆ ಕಲಿಸಿದ್ದೀನಿ, ಇವಳಿಗೆ ಮಾತ್ರ ನಾನು ಕಲಿಸಿಲ್ಲ. ಅದಕ್ಕೇ ನೋಡಿ, ಎಷ್ಟು ಚೆನ್ನಾಗಿ ನಿಲ್ಲಿಸ್ತಾಳೆ!"